ಬೇವು ಬೆಳೆಯದ ಊರಲ್ಲಿ ಸಿಡುಬು ಹುಡುಕಿದ್ದು

ನಮ್ಮ ಕೊಡಗಿನ ಮಳೆಗೆ ಬೇವಿನ ಮರ ನಿಲ್ಲುವುದಿಲ್ಲ. ಯಾರಾದರೂ ಆಸೆಪಟ್ಟು ನೆಟ್ಟರೂ ಒಂದೆರಡು ಮಳೆಗಾಲಕ್ಕೆ ಬೇರು ಕೊಳೆತು ಹೋಗುತ್ತದೆ. ಹಾಗಾಗಿ ಗೋಣಿಕೊಪ್ಪಲಿನ ಬಸ್‌ಸ್ಟ್ಯಾಂಡಿನಲ್ಲಿ ಒಂದು ಕಟ್ಟು ಬೇವಿನ ಸೊಪ್ಪು ಇಳಿಯಿತೆಂದರೆ ಅದು ಹುಣಸೂರಿನ ಕಡೆಯಿಂದ ಬಂದದ್ದು, ಯಾರದೋ ಮನೆಯಲ್ಲಿ ಅಮ್ಮ ಎದ್ದಿದ್ದಾಳೆ ಎಂದೇ ಲೆಕ್ಕ. ಅಮ್ಮ ಅಂದರೆ ಸಿಡುಬು. ಜನ ಆ ಹೆಸರನ್ನು ಬಾಯಿಂದ ಆಡುತ್ತಿರಲಿಲ್ಲ.

ಈ ಸುಳಿವು ಕೊಟ್ಟವನು ಬಸ್ಸಿನ ಕಂಡಕ್ಟರು. ಕೊಟ್ಟದ್ದೂ ಬೈದುಕೊಂಡೇ.

"ಎಂಥ ಊರು ಮಾರಾಯ ನಿಮ್ಮದು! ಸೊಪ್ಪಿಗೂ ನಾನು ಲಗೇಜು ಟಿಕೆಟ್ಟು ಹರೀಬೇಕಾ? ಹುಣಸೂರಲ್ಲಿ ಒಬ್ಬ ಮುದುಕ ಕಟ್ಟು ತಂದು ಟಾಪಿನ ಮೇಲೆ ಎಸೀತಾನೆ, ಇಲ್ಲಿ ಎಸ್ಟೇಟಿನವನೊಬ್ಬ ಎತ್ಕೊಂಡು ಹೋಗ್ತಾನೆ. ಆಡು ಸಾಕಿದ್ದಾನಾ ಹೆಂಗೆ?"

ಆಡಿಗಲ್ಲ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಸಿಡುಬು ಬರದಂತೆ ತೋಳಿಗೆ ದಾಕು ಹಾಕುವುದು ನನ್ನ ಕೆಲಸ. ಶಾಲೆಯನ್ನು ನಾಲ್ಕನೇ ಕ್ಲಾಸಿಗೇ ಬಿಟ್ಟವನಾದರೂ ಕೈಗೆಲಸದಲ್ಲಿ ನನಗೆ ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ. ಮಾದಾಪುರದಿಂದ ಹಿಡಿದು ಈ ಕಡೆ ಕೇರಳದ ಗಡಿಯವರೆಗೆ ನಡೆದೇ ತಿರುಗಿದ್ದೇನೆ. ಎಸ್ಟೇಟಿನ ಆಳುಗಳಿರುವ ಲೈನುಮನೆಗಳ ಹೆಂಗಸರು ನನ್ನನ್ನು ಸೂಜಿಯಣ್ಣ ಎಂದೇ ಕರೆಯುತ್ತಿದ್ದರು. ಮಕ್ಕಳು ನನ್ನ ಚೀಲ ಕಂಡರೆ ಕಾಫಿ ಗಿಡಗಳ ನಡುವೆ ಓಡಿ ಅವಿತುಕೊಳ್ಳುತ್ತಿದ್ದರು.

ಆ ವರ್ಷ ಪರದೇಶದ ಒಬ್ಬ ಡಾಕ್ಟರು ನಮ್ಮ ಕಡೆಗೆ ಬಂದಿದ್ದರು. ಲೋಕದ ಎಲ್ಲ ದೇಶಗಳೂ ಸೇರಿ ಸಿಡುಬನ್ನು ಭೂಮಿಯ ಮೇಲಿಂದಲೇ ಅಳಿಸುತ್ತವಂತೆ ಎಂದು ನಮ್ಮ ಹೆಲ್ತ್ ಇನ್‌ಸ್ಪೆಕ್ಟರು ಹೇಳಿದಾಗ ನಾನು ನಕ್ಕಿದ್ದೆ. ಆದರೆ ಸಾಮಾನು ಬಂತು. ಔಷಧ ರಷ್ಯಾದ್ದು, ಚಿಕ್ಕ ಗಾಜಿನ ಕೊಳವೆಯೊಳಗೆ ಒಣಗಿಸಿದ ಪುಡಿ. ಹಳೆಯದರ ಹಾಗೆ ಬಿಸಿಲಿಗೆ ಕೆಡುವುದಿಲ್ಲ. ಸೂಜಿ ಇನ್ನೊಂದು ದೇಶದ್ದು, ತುದಿಯಲ್ಲಿ ಎರಡು ಕವಲು. ಪುಡಿ ಕಲಸಿದ ಕೊಳವೆಯೊಳಗೆ ಅದ್ದಿ ಎತ್ತಿದರೆ ಕವಲಿನ ನಡುವೆ ಬೇಕಾದಷ್ಟೇ ಹನಿ ನಿಲ್ಲುತ್ತದೆ. ಸೂಜಿಯನ್ನು ನೆಟ್ಟಗೆ ಹಿಡಿದು ಒಂದೇ ಕಡೆ ಹದಿನೈದು ಸಲ ಚುಚ್ಚಬೇಕು. ಕೊನೆಗೆ ರಕ್ತ ತುಸು ಒಸರಬೇಕು, ಹರಿಯಬಾರದು.

ಸೂಜಿ ನನಗೆ ಒಂದೇ ದಿನದಲ್ಲಿ ಒಗ್ಗಿತು. ಒಗ್ಗದೇ ಹೋದದ್ದು ಆ ಡಾಕ್ಟರ ಮಾತು. "ಎಲ್ಲರಿಗೂ ಹಾಕುತ್ತಾ ತಿರುಗಬೇಡ. ರೋಗ ಬಂದವನನ್ನು ಹುಡುಕು. ಅವನ ಸುತ್ತ ಬೇಲಿ ಹಾಕು" ಎಂದರು. ಬೇಲಿ ಎಂದರೆ ರೋಗಿಯ ಬಾಗಿಲಿಗೆ ಕಾವಲು, ಅವನನ್ನು ಮುಟ್ಟಿದ ಪ್ರತಿಯೊಬ್ಬರಿಗೂ ಸುತ್ತಲಿನ ಮನೆಗಳಿಗೂ ದಾಕು. ನನ್ನ ಅಷ್ಟು ವರ್ಷದ ನಡಿಗೆಯನ್ನು ಒಂದು ಮಾತಿನಲ್ಲಿ ಒರೆಸಿ ಹಾಕಿದ ಹಾಗಾಯಿತು. ಹುಡುಕುವುದೇ ಕೆಲಸವಾದರೆ ನನಗಿಂತ ಮೊದಲು ಯಾರು ಹುಡುಕುತ್ತಾರೋ ನೋಡೇಬಿಡುತ್ತೇನೆ ಎಂಬ ಹಟ ಬಂತು.

ಕಂಡಕ್ಟರು ಬೈದ ಮಾರನೆಯ ದಿನ ಬಸ್ಸಿಗೆ ಕಾದು ನಿಂತೆ. ಬೇವಿನ ಕಟ್ಟು ಇಳಿಯಿತು. ಎತ್ತಿಕೊಂಡವನು ಒಂದು ದೊಡ್ಡ ಕಾಫಿ ಎಸ್ಟೇಟಿನ ಆಳು. ಅವನು ಹತ್ತಿದ್ದು ಆ ಎಸ್ಟೇಟಿನದೇ ಲಾರಿ. ಡಾಕ್ಟರು ಅಂದು ಮೈಸೂರಿಗೆ ಹೋಗಿದ್ದರು. ನಾನು ಇನ್‌ಸ್ಪೆಕ್ಟರನ್ನು ಕರೆದುಕೊಂಡು ಎಸ್ಟೇಟಿಗೆ ಹೋದೆ.

ಅಲ್ಲಿನ ರೈಟರು, ಅಂದರೆ ಎಸ್ಟೇಟಿನ ಒಡೆಯರಾದ ದೊರೆಗಳ ಪರವಾಗಿ ಆಳುಗಳ ಹಾಜರಿ, ಕೆಲಸ ಎಲ್ಲ ನೋಡಿಕೊಳ್ಳುವವನು, ಬಹಳ ಮರ್ಯಾದೆಯಿಂದ ಕಾಫಿ ಕೊಟ್ಟ.

"ನಮ್ಮಲ್ಲಿ ಯಾರಿಗೂ ಏನೂ ಇಲ್ಲ. ಬೇಕಿದ್ರೆ ಲೈನು ನೋಡಿ. ಆದ್ರೆ ಈಗ ಪಿಕಿಂಗ್ ಟೈಮು, ಹಣ್ಣು ಉದುರ್ತಾ ಉಂಟು. ನೀವು ಅಮ್ಮ ಗಿಮ್ಮ ಅಂತ ಬೊಬ್ಬೆ ಹೊಡೆದ್ರೆ ನಾಳೆ ಬೆಳಿಗ್ಗೆ ಒಂದು ಆಳು ನಿಲ್ಲೂದಿಲ್ಲ. ಆಮೇಲೆ ಹಣ್ಣು ಕುಯ್ಲಿಕ್ಕೆ ನೀವು ಬರ್ತೀರಾ?"

ಕಾಫಿ ಕುಡಿದು ಲೈನಿಗೆ ಹೋದೆವು. ಉದ್ದಕ್ಕೂ ಒಂದಕ್ಕೊಂದು ಅಂಟಿಕೊಂಡ ಕೋಣೆಗಳು. ಪ್ರತಿಯೊಂದು ಬಾಗಿಲಿನ ಮೇಲೂ ಬೇವಿನ ಕೊಂಬೆ ತೂಗುತ್ತಿತ್ತು. ಒಂದನ್ನೂ ಬಿಟ್ಟಿರಲಿಲ್ಲ. ದನದ ಕೊಟ್ಟಿಗೆಗೂ ಕಟ್ಟಿದ್ದರು.

"ಅಮ್ಮ ಬರದೇ ಇರ್ಲಿ ಅಂತ ಕಟ್ಟಿದ್ದು" ಎಂದ ರೈಟರು, ಹಲ್ಲು ಬಿಡುತ್ತಾ.

ಕೋಣೆಗಳಿಗೆ ಬೀಗ. ಕೀಲಿ ಕೇಳಿದರೆ ದೂರದ ತೋಟಕ್ಕೆ ಪಿಕಿಂಗಿಗೆ ಹೋದವರ ಸೊಂಟದಲ್ಲಿ ಎಂಬ ಉತ್ತರ. ಬೀಗ ಒಡೆಸೋಣ ಸಾರ್ ಎಂದೆ. ಇನ್‌ಸ್ಪೆಕ್ಟರು ಎಸ್ಟೇಟಿನ ದೊರೆಗಳ ಹೆಸರು ಕೇಳಿಯೇ ತಣ್ಣಗಾಗಿದ್ದರು. "ಸುಮ್ನಿರಪ್ಪಾ, ಡಾಕ್ಟರು ಬರಲಿ" ಎಂದರು. ಮಾರನೆಯ ದಿನ ಮತ್ತೆ ಹೋದೆವು. ಮತ್ತೆ ಕಾಫಿ, ಮತ್ತೆ ಬೀಗ. ಹೀಗೆ ಎರಡು ದಿನ ಕೈಬಿಟ್ಟು ಹೋಯಿತು.

ಆ ಸಂಜೆ ಔಷಧದ ಚೀಲ ಬಿಟ್ಟು ಬರಿಗೈಯಲ್ಲಿ ನಾನೊಬ್ಬನೇ ಹೋದೆ. ಚೀಲ ಕಂಡರೆ ಬಾಗಿಲು ಮುಚ್ಚಿಕೊಳ್ಳುತ್ತಾರೆ. ನಾಟಿ ಕೋಳಿ ಕೊಳ್ಳಲು ಬಂದಿದ್ದೇನೆ ಎಂದೆ. ಹಣ್ಣು ತೂಗಿಸಿ ಬಂದ ಹೆಂಗಸರು ಒಲೆ ಹಚ್ಚಿದ್ದರು.

"ಇವತ್ತು ಚೀಲ ಎಲ್ಲಿ ಸೂಜಿಯಣ್ಣ? ಮಾರ್ಬಿಟ್ರಾ?" ಎಂದಳು ಒಬ್ಬಳು.

"ಕೋಳಿಗೂ ಚುಚ್ತಾರೇನೋ, ಹುಂಜಾನ ಒಳಗೆ ಕಟ್ಟೇ!" ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಮ್ಮ ಇರುವ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ. ಎಣ್ಣೆ ಚುರ್ ಎನ್ನಬಾರದು, ಮೀನು ಹುರಿಯಬಾರದು, ಕತ್ತಿ ಸೂಜಿ ಮುಟ್ಟಬಾರದು, ಆಕೆಗೆ ಆಗುವುದಿಲ್ಲ. ಬೇವನ್ನು ಎಲ್ಲ ಬಾಗಿಲಿಗೂ ಕಟ್ಟಬಹುದು. ಆದರೆ ದಿನವಿಡೀ ದುಡಿದು ಬಂದವರ ಒಗ್ಗರಣೆಯನ್ನು ಯಾವ ರೈಟರೂ ನಿಲ್ಲಿಸಲಾರ. ಲೈನಿನ ಆ ತುದಿಯಿಂದ ಮೂಗು ಅರಳಿಸಿಕೊಂಡು ನಡೆದೆ. ಒಣಮೀನು, ಬೆಳ್ಳುಳ್ಳಿ, ಸಾಸಿವೆ, ಮತ್ತೆ ಒಣಮೀನು. ಕೊನೆಯಿಂದ ಎರಡನೆಯ ಬಾಗಿಲ ಮುಂದೆ ಬರಿಯ ಹೊಗೆ ಇತ್ತು. ವಾಸನೆ ಇರಲಿಲ್ಲ.

ಹೊಸ್ತಿಲ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಮಡಿಲಲ್ಲಿ ಮೊಲೆಗೂಸು. ಹುಣಸೂರಿನ ಕಡೆಯವಳು ಎಂದು ಮಾತಿನಲ್ಲೇ ತಿಳಿಯಿತು.

"ಏನಮ್ಮ ಸಾರು?"

"ಗಂಜಿ ಕಣಣ್ಣ."

"ಒಗ್ಗರಣೆ ಇಲ್ವಾ?"

ಅವಳು ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು. ಅವಳನ್ನು ದಾಟಿ ಒಳಗೆ ಬಗ್ಗಿ ನೋಡಿದೆ. ಅವಳ ಗಂಡ ಬಾಳೆಲೆಯ ಮೇಲೆ ಅಂಗಾತ ಮಲಗಿದ್ದ. ಮುಖದಲ್ಲಿ ಬೆರಳಿಡಲು ಜಾಗವಿಲ್ಲ. ಅಂಗೈಯಲ್ಲಿ, ಅಂಗಾಲಲ್ಲಿ, ಚರ್ಮದ ಕೆಳಗೆ ಹಸಿ ಕರಿಮೆಣಸಿನ ಕಾಳು ಹೂತಿಟ್ಟ ಹಾಗೆ ಗಟ್ಟಿ ಗುಳ್ಳೆ, ಎಲ್ಲವೂ ಒಂದೇ ಗಾತ್ರ. ಸೀತಾಳೆಸಿಡುಬಾದರೆ ಅಂಗಾಲಿಗೆ ಹೀಗೆ ಬರುವುದಿಲ್ಲ. ಎದ್ದು ಐದು ದಿನವಾಯಿತೆಂದು ಅವಳೇ ಹೇಳಿದಳು.

ರೈಟರ ಮನೆಗೆ ಹೋಗಿ ಮುಖಕ್ಕೇ ಹೇಳಿದೆ: ಆ ಬಾಗಿಲಿಗೆ ಕಾವಲು ಹಾಕಬೇಕು, ಯಾರೂ ಒಳಗೆ ಹೋಗಬಾರದು, ಹೊರಗೆ ಬರಬಾರದು, ಬೆಳಿಗ್ಗೆ ಡಾಕ್ಟರನ್ನು ಕರೆತರುತ್ತೇನೆ.

"ಆಯ್ತು ಬಿಡಿ. ನಾನೇ ನೋಡ್ಕೊಳ್ತೇನೆ" ಎಂದ.

ಡಾಕ್ಟರು ರಾತ್ರಿಯೇ ಮೈಸೂರಿನಿಂದ ಮರಳಿದ್ದರು. ಬೆಳಿಗ್ಗೆ ನಮ್ಮ ಜೀಪು ಹೋದಾಗ ಆ ಕೋಣೆ ಖಾಲಿ. ನೆಲ ಸಾರಿಸಿ ಸುಣ್ಣದ ಪುಡಿ ಎರಚಿದ್ದರು. ಉಳಿದ ಬಾಗಿಲುಗಳ ಬೇವನ್ನೂ ಕಿತ್ತು ಚರಂಡಿಗೆ ಎಸೆದಿದ್ದರು.

"ಯಾವ ಬಾಗಿಲು? ಯಾವ ಹೆಂಗಸು? ಕೋಳಿ ಹುಡುಕ್ಲಿಕ್ಕೆ ಬಂದವರಿಗೆ ಮಬ್ಬಲ್ಲಿ ಏನೋ ಕಂಡಿರ್ಬೇಕು" ಎಂದ ರೈಟರು.

ಡಾಕ್ಟರು ಅವನ ಜೊತೆ ವಾದ ಮಾಡಲಿಲ್ಲ. ಅಂಗಳದಲ್ಲಿ ನಿಂತಿದ್ದ ಲಾರಿಯ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ನನ್ನ ಕೈ ಹಿಡಿದು ಅಲ್ಲೇ ಇಡಿಸಿದರು. ಬಿಸಿಯಾಗಿತ್ತು. ಆಗ ನೀರು ಹೊತ್ತು ಹೋಗುತ್ತಿದ್ದ ಒಬ್ಬ ಮುದುಕಿ, ನಮ್ಮ ಕಡೆ ತಿರುಗದೆ, ತನ್ನ ಕೊಡಕ್ಕೆ ಹೇಳುವವಳ ಹಾಗೆ "ಮಾಕುಟ್ಟ" ಎಂದು ಹೇಳಿ ನಡೆದುಬಿಟ್ಟಳು. ಮಾಕುಟ್ಟ ಅಂದರೆ ಘಾಟಿಯ ಕೆಳಗೆ ಕೇರಳದ ಗಡಿಯ ಚೆಕ್‌ಪೋಸ್ಟು.

ಇನ್‌ಸ್ಪೆಕ್ಟರನ್ನು ಲೈನಿನಲ್ಲಿ ಬಿಟ್ಟು, ಒಬ್ಬರನ್ನೂ ತಪ್ಪಿಸದೆ ದಾಕು ಹಾಕಿಸಲು ಹೇಳಿ ಡಾಕ್ಟರು ಜೀಪು ಹತ್ತಿದರು. ಜೊತೆಗೆ ನಾನು ಮತ್ತು ಡ್ರೈವರು. ಡ್ರೈವರಿಗೆ ಹರಕು ಮುರುಕು ಇಂಗ್ಲಿಷು ಬರುತ್ತಿತ್ತು, ನನಗೂ ಡಾಕ್ಟರಿಗೂ ಅವನೇ ಬಾಯಿ. ವಿರಾಜಪೇಟೆ ದಾಟಿ ಘಾಟಿ ಇಳಿಯುವಾಗ ನಾನು ಒಂದನ್ನೇ ಯೋಚಿಸುತ್ತಿದ್ದೆ. ಬಯಲುಸೀಮೆಯ ಕನ್ನಡದ ಸಂಸಾರವನ್ನು ಮಲಯಾಳದ ಕಾಡಿಗೆ ಎಸೆಯುವುದೆಂದರೇನು? ಅವರ ಊರ ಕಡೆಗೆ ಕಳಿಸಿದರೆ ದಾರಿಯ ಪೇಟೆಗಳಲ್ಲಿ ಜನ ನೋಡುತ್ತಾರೆ, ಎಸ್ಟೇಟಿನ ಹೆಸರು ಬರುತ್ತದೆ. ಕೇರಳಕ್ಕೆ ದಾಟಿಸಿದರೆ ಬೇರೆ ರಾಜ್ಯದ ತಲೆನೋವು. ರೈಟರು ಅಷ್ಟೇ ಯೋಚಿಸಿದ್ದ.

ಅವರು ದಾಟಿರಲಿಲ್ಲ. ಚೆಕ್‌ಪೋಸ್ಟಿಗೆ ಸ್ವಲ್ಪ ಹಿಂದೆ ರಸ್ತೆಯ ಪಕ್ಕದಲ್ಲಿ ಗಂಡ ಕಂಬಳಿಯೊಳಗೆ ಬಿದ್ದಿದ್ದ. ಅವಳು ಕೂಸನ್ನು ಅಪ್ಪಿಕೊಂಡು ಪಕ್ಕದಲ್ಲಿ ಕೂತಿದ್ದಳು. ಗೇಟಿನಲ್ಲಿದ್ದ ಮಲಯಾಳಿ ಗಾರ್ಡು ಉದ್ದದ ಬಿದಿರು ಹಿಡಿದು ದೂರದಿಂದಲೇ, ಸಿಡುಬು ಎಂದು ತನ್ನ ಮಾತಿನಲ್ಲಿ ಕೂಗಿದ.

"ವಸೂರಿ ಆಣ್ ಚೇಟ್ಟಾ! ಈಚೆ ಬಿಡ್ಲಿಕ್ಕೆ ಆಗೂದಿಲ್ಲ. ನಿಮ್ಮ ಆಳು ಅಲ್ವಾ, ನೀವೇ ಕೊಂಡೋಗಿ!"

"ಅಲ್ಲಿ ಆಸ್ಪತ್ರೆ ಐತೆ ಅಂತ ಇಳಿಸ್ಬುಟ್ಟು ಹೋದ್ರು ಕಣಣ್ಣ" ಎಂದಳು ಅವಳು. "ಎಲ್ಲೈತೆ?"

ಆಸ್ಪತ್ರೆ ಇರಲಿಲ್ಲ. ಕಾಡಿತ್ತು. ಡಾಕ್ಟರು ರೋಗಿಯ ಕಣ್ಣು, ಬಾಯಿ, ಅಂಗೈ ನೋಡಿದರು. ಇಲ್ಲಿಂದ ಇವರು ಒಂದು ಹೆಜ್ಜೆಯೂ ಕದಲಬಾರದು ಎಂದು ಅಲ್ಲೇ ತೀರ್ಮಾನ ಮಾಡಿದರು. ಬಸ್ಸಿನಲ್ಲಿ ಒಯ್ದರೆ ಬಸ್ಸಿಡೀ ರೋಗ ಹತ್ತುತ್ತದೆ, ಆಸ್ಪತ್ರೆಗೆ ಒಯ್ದರೆ ಅಲ್ಲಿರುವವರಿಗೆ. ಬಿದಿರು, ಸೋಗೆ ಕಡಿಸಿ ರಸ್ತೆಯಿಂದ ಒಳಗೆ ಒಂದು ಗುಡಿಸಲು ಹಾಕಿಸಿದೆವು. ಗಾರ್ಡು, ಚಹದಂಗಡಿಯವನು, ಮರ ಕಡಿಯುವವರು, ಎಲ್ಲರ ತೋಳಿಗೂ ದಾಕು ಹಾಕಿದೆ.

ಉಳಿದದ್ದು ಅವಳು ಮತ್ತು ಕೂಸು. ಕೂಸಿಗೆ ಆಗಲೇ ತಡವಾಗಿದೆ, ಇನ್ನೊಂದು ಗಳಿಗೆಯೂ ಕಾಯುವಂತಿಲ್ಲ ಎಂದು ಡಾಕ್ಟರು ಡ್ರೈವರ ಬಾಯಲ್ಲಿ ಹೇಳಿಸಿದರು. ನಾನು ಸೂಜಿಯನ್ನು ಬೆಂಕಿಗೆ ಹಿಡಿದು ಆರಿಸಿಕೊಂಡು ಹೋಗಿ ಕೂತೆ.

ಅವಳು ಹಿಂದಕ್ಕೆ ಸರಿದಳು. "ಬ್ಯಾಡ ಕಣಣ್ಣ. ಅಮ್ಮ ಅವ್ಳೆ. ಅವಳಿರೋವಾಗ ಸೂಜಿ ಮುಟ್ಟುಸಬ್ಯಾಡ."

"ಕೂಸಿಗೂ ಬರ್ತದೆ ಕಣಮ್ಮ."

"ಬತ್ತಾಳೋ ಬುಡ್ತಾಳೋ ಅವಳಿಗೆ ಬುಟ್ಟಿದ್ದು. ನೀರು ಹುಯ್ಕೊಂಡು ಅವಳನ್ನ ಕಳಿಸ್ಕೊಟ್ಟ ಮ್ಯಾಲೆ ನಾನೇ ತೋಳು ಕೊಡ್ತೀನಿ, ಕೂಸಿಂದೂ ಕೊಡ್ತೀನಿ. ನನ್ನ ಮಾತು ನಂಬು. ಈಗ ಚುಚ್ಚಿದ್ರೆ ಇವನನ್ನ ಉಳಿಸಾಕಿಲ್ಲ ಅವಳು."

ಅರ್ಧ ಗಂಟೆ ಬೇಡಿದೆ. ಬೈದೆ. ನನ್ನ ತೋಳಿನ ಗುರುತು ತೋರಿಸಿದೆ. ಡಾಕ್ಟರು ತಮ್ಮ ತೋಳಿಗೇ ಚುಚ್ಚಿಕೊಂಡು ತೋರಿಸಿದರು. ಅವಳು ನೋಡಲೇ ಇಲ್ಲ. ಒಳಗೆ ನರಳುತ್ತಿದ್ದ ಗಂಡನ ಕಡೆಗೇ ಅವಳ ಕಣ್ಣು. ಡಾಕ್ಟರು ನನ್ನ ಮುಖ ನೋಡಿದರು. ಹಿಡಿಯಲೇ ಎಂದು ಕೈಸನ್ನೆಯಲ್ಲಿ ಕೇಳಿದರು. ಸೂಜಿ ನನ್ನ ಕೈಯಲ್ಲಿತ್ತು, ಹಾಗಾಗಿ ಉತ್ತರವೂ ನನ್ನದೇ. ಹೂಂ ಎಂದೆ.

ಡ್ರೈವರು ಅವಳ ಭುಜ ಹಿಡಿದ. ಡಾಕ್ಟರು ಕೂಸನ್ನು ಕಿತ್ತುಕೊಂಡು ಅದರ ತೋಳು ಬಿಗಿಹಿಡಿದರು. ನಾನು ಚುಚ್ಚಿದೆ, ಎಣಿಸಿ ಹದಿನೈದು. ಅವಳು ಹೇಗೋ ಬಿಡಿಸಿಕೊಂಡು ಬಂದು ನನ್ನ ಮುಂಗೈ ಕಚ್ಚಿದಳು. ಹಲ್ಲು ಒಳಕ್ಕೆ ಇಳಿಯಿತು. ನಾನು ಕೈ ಹಿಂದೆ ತೆಗೆಯಲಿಲ್ಲ, ಚುಚ್ಚು ಮುಗಿಯುವ ತನಕ. ಆಮೇಲೆ ಅವಳ ಸರದಿ ಎಂದಾಗ ನೆಲಕ್ಕೆ ಬಿದ್ದು ಹೊರಳಾಡಿದಳು. ಅವಳ ತೋಳಿನಲ್ಲಿ ಚಿಕ್ಕಂದಿನ ಹಳೆಯ ದಾಕಿನ ಗುರುತಿತ್ತು. ಅದನ್ನು ನೋಡಿ ಡಾಕ್ಟರು, ಇವಳನ್ನು ಬಿಡು, ಇವಳು ಹೇಗೂ ಈ ಬೇಲಿಯೊಳಗೇ ಇರುತ್ತಾಳೆ ಎಂದರು. ಹಿಡಿದದ್ದು ತಪ್ಪೆಂದು ನಾನು ಇಂದಿಗೂ ಒಪ್ಪುವುದಿಲ್ಲ. ಮತ್ತೆ ಅಂಥದೇ ಕೂಸು, ಅದೇ ಸೂಜಿ ಕೈಗೆ ಬಂದರೂ ಅದನ್ನೇ ಮಾಡುತ್ತೇನೆ.

ಗುಡಿಸಲಿಗೆ ಹಗಲೂ ರಾತ್ರಿ ಕಾವಲು ಹಾಕಿದೆವು. ನಾನು ಚೆಕ್‌ಪೋಸ್ಟಿನ ಹಿಂದಿನ ಶೆಡ್ಡಿನಲ್ಲಿ ಬೀಡುಬಿಟ್ಟೆ. ಅಕ್ಕಿ, ನೀರು, ಸೌದೆಯನ್ನು ಒಂದು ಬಂಡೆಯ ಮೇಲೆ ಇಟ್ಟು ಬರುವುದು. ನಾನು ಹಿಂದೆ ಸರಿದ ಮೇಲೆ ಅವಳು ಎತ್ತಿಕೊಳ್ಳುವುದು. ಅವಳು ನನ್ನ ಜೊತೆ ಮಾತು ನಿಲ್ಲಿಸಿದ್ದಳು. ಕೆಲವೇ ದಿನಕ್ಕೆ ಗಂಡ ಸತ್ತ. ಕಾವಲಿನವರು ಮುಟ್ಟಲು ಒಪ್ಪಲಿಲ್ಲ. ನಾನೂ ಡಾಕ್ಟರೂ ಹೊತ್ತು ತಂದು ಸುಣ್ಣ ಹಾಕಿ ಹೂತೆವು. ಡಾಕ್ಟರು ಗುದ್ದಲಿ ಹಿಡಿಯುವುದನ್ನು ನೋಡಿದರೆ ಹೊಲದ ಕೆಲಸ ಕಂಡವರ ಹಾಗಿತ್ತು. ಅವಳು ಗುಡಿಸಲ ಬಾಗಿಲಲ್ಲೇ ನಿಂತು ನೋಡಿದಳು. "ನಾನ್ ಹೇಳಿರ್‌ನಿಲ್ವಾ" ಎಂದಳು. ಅಷ್ಟೇ.

ಕೂಸಿನ ತೋಳಿನಲ್ಲಿ ದಾಕು ಚೆನ್ನಾಗಿಯೇ ಎದ್ದಿತು. ದುಂಡಗಿನ, ನಡುವೆ ತಗ್ಗಾದ ಗುಳ್ಳೆ, ನಾನು ಹಾಕಿದ ಯಾವ ಒಳ್ಳೆಯ ದಾಕಿಗೂ ಕಡಿಮೆಯಿಲ್ಲ. ಅದನ್ನು ಕಂಡು ಎದೆ ಉಬ್ಬಿತ್ತು. ಅದೇ ದಿನ ಸಂಜೆ ಕೂಸಿನ ಮೈ ಸುಡತೊಡಗಿತು. ಮೂರನೆಯ ದಿನ ಹಣೆಯ ಮೇಲೆ ಕೆಂಪು ಚುಕ್ಕೆ, ಆಮೇಲೆ ಅಂಗಾಲಿನಲ್ಲಿ. ಡಾಕ್ಟರು ಬಂದು ನೋಡಿ ತೋಳಿನ ಗುಳ್ಳೆಯನ್ನೂ ಹಣೆಯನ್ನೂ ಬೆರಳಿಂದ ತೋರಿಸಿ, ಎರಡು ಬೆರಳು ಎತ್ತಿದರು. ಡ್ರೈವರು ಅರ್ಥ ಹೇಳಿದ: "ಎರಡು ದಿನ ಮೊದ್ಲು ಹಾಕಿದ್ರೆ ಉಳೀತಿತ್ತಂತೆ."

ಎಲ್ಲ ಬಾಗಿಲಿಗೂ ಬೇವು ಕಟ್ಟಿದ ಆ ಎರಡು ದಿನ.

ಕೂಸನ್ನು ಅಪ್ಪನ ಪಕ್ಕದಲ್ಲೇ ಹೂತೆವು. ಅದರ ಸೊಂಟದ ಕರಿ ಉಡಿದಾರವನ್ನು ಅವಳು ಮೊದಲೇ ಬಿಚ್ಚಿ ಮುಷ್ಟಿಯಲ್ಲಿ ಹಿಡಿದಿದ್ದಳು. ಮುಟ್ಟಿದ ಬಟ್ಟೆ, ಚಾಪೆ, ದಾರ, ಏನೂ ಉಳಿಯಬಾರದು ಎಂಬುದು ನಿಯಮ. ಕೈ ಚಾಚಿ ಕೇಳಿದೆ. "ಇದೊಂದು ಬುಡಣ್ಣ" ಎಂದಳು. ನಾನು ಬಿಡಲಿಲ್ಲ. ಕಂಬಳಿಯ ಜೊತೆ ಅದನ್ನೂ ಬೆಂಕಿಗೆ ಹಾಕಿದೆ.

ಅಷ್ಟರಲ್ಲಿ ಎಸ್ಟೇಟಿನ ರೈಟರು ಒಂದು ದಿನ ಲಾರಿಯಲ್ಲಿ ಬಂದ. ಡಾಕ್ಟರಿಗೆಂದು ದೊರೆಗಳು ಕಳಿಸಿದ ಕಾಫಿ ಪುಡಿಯ ಡಬ್ಬಿ ತಂದಿದ್ದ. ಇನ್‌ಸ್ಪೆಕ್ಟರು ಲೈನಿನಲ್ಲಿ ಒಬ್ಬರನ್ನೂ ಬಿಡದೆ ದಾಕು ಹಾಕಿದ್ದರು. ಅಲ್ಲಿ ಇನ್ನೊಬ್ಬರಿಗೆ ಬರಲಿಲ್ಲ. ಬೇಲಿ ಗಟ್ಟಿಯಾಗಿತ್ತು.

"ನೋಡಿ, ನಮ್ಮ ಎಸ್ಟೇಟಲ್ಲಿ ಒಂದೇ ಒಂದು ಕೇಸಿಲ್ಲ. ಮೀಟಿಂಗಲ್ಲಿ ದೊಡ್ಡ ಆಫೀಸರೇ ದೊರೆಗಳಿಗೆ ಥ್ಯಾಂಕ್ಸ್ ಹೇಳಿದ್ರು" ಎಂದ. ಕಾಗದದ ಮೇಲೆ ಸುಳ್ಳಲ್ಲ. ರೋಗಿ ಸಿಕ್ಕಿದ್ದು ಮಾಕುಟ್ಟದ ರಸ್ತೆಯಲ್ಲಿ.

"ಆ ಹೆಂಗಸು ಬಿಡುಗಡೆಯಾದ ಮೇಲೆ ಲೈನಿಗೆ ಬರ್ಲಾ?" ಎಂದೆ.

"ಎಂಥದ್ದು? ಅಮ್ಮ ಇರುವಾಗ ಸೂಜಿ ಚುಚ್ಚಿಸ್ಕೊಂಡು ಗಂಡನ್ನೂ ಮಗುವನ್ನೂ ತಿಂದವಳು ಅಂತ ಅಲ್ಲಿ ಹೆಂಗಸರು ಪೊರಕೆ ಹಿಡ್ಕೊಂಡು ನಿಂತಿದ್ದಾರೆ. ನಾನು ಏನು ಮಾಡ್ಲಿ?" ಎಂದು ಕೈ ಒದರಿ ಲಾರಿ ಹತ್ತಿದ. ಡಾಕ್ಟರು ಕಾಫಿ ಡಬ್ಬಿಯನ್ನು ಗಾರ್ಡಿಗೆ ಕೊಟ್ಟುಬಿಟ್ಟರು.

ಹೊಸದಾಗಿ ಯಾರಿಗೂ ಬರದೆ ನಿಯಮದ ದಿನಗಳು ಕಳೆದವು. ಬಿಡುಗಡೆಯ ಹಿಂದಿನ ದಿನ ಅವಳು ಬಂಡೆಯ ಆಚೆ ನಿಂತು ತಾನಾಗಿ ಮಾತಾಡಿದಳು.

"ಅಮ್ಮನ್ನ ಕಳಿಸಿಕೊಡಬೇಕು. ಬೇವು ಬೇಕು."

ಗೋಣಿಕೊಪ್ಪಲಿಗೆ ಹೋಗಿ ಕಂಡಕ್ಟರಿಗೆ ಹೇಳಿದೆ. "ಅಯ್ಯೋ ಇವನ! ಬೇವು ತಂದವರ ಬೆನ್ನು ಹತ್ತಿದೋನು ಈಗ ನೀನೇ ತರಿಸ್ತೀಯಾ?" ಎಂದು ನಕ್ಕ. ನನ್ನ ಮುಖ ನೋಡಿ ಲಗೇಜು ಟಿಕೆಟ್ಟು ಹರಿಯದೆ ಒಂದು ಕಟ್ಟು ತಂದುಕೊಟ್ಟ.

ಅವಳು ಬೇವು, ಅರಿಶಿನ ಹಾಕಿ ಕಾಯಿಸಿದ ನೀರು ಹೊಯ್ದುಕೊಂಡಳು. ನಾವು ಕೊಟ್ಟ ಹೊಸ ಸೀರೆ ಉಟ್ಟಳು. ಗುಡಿಸಲಿಗೆ ನಾನು ಬೆಂಕಿ ಇಟ್ಟೆ. ಅದು ಉರಿಯುವಾಗ ಅವಳು ನೆಟ್ಟಗೆ ನಡೆದು ಬಂದು ನಾನು ಕೂತಿದ್ದ ಬೆಂಚಿನ ಎದುರಿನ ಕಲ್ಲಿನ ಮೇಲೆ ಕೂತಳು. ಸೆರಗು ಸರಿಸಿ ಎಡದ ತೋಳು ಮುಂದೆ ಮಾಡಿದಳು.

"ಅಮ್ಮ ಹೋದ್ಲು. ಈಗ ಹಾಕು."

ಮಾತು ಕೊಟ್ಟಿದ್ದಳು. ಅವಳ ಲೆಕ್ಕದಲ್ಲಿ ಅದು ಬಾಕಿ ಇತ್ತು. ನಾನು ಹೊಸ ಕೊಳವೆ ಒಡೆದು, ಪುಡಿ ಕಲಸಿ, ಸೂಜಿಯನ್ನು ಬೆಂಕಿಗೆ ಹಿಡಿದು ಆರಿಸಿದೆ. ಹದಿನೈದು ಚುಚ್ಚು. ಅವಳು ತೋಳನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ರಕ್ತ ತುಸುವೇ ಒಸರಿತು. ನನ್ನ ಮುಂಗೈಯಲ್ಲಿ ಅವಳ ಹಲ್ಲಿನ ಗುರುತು ಆಗಷ್ಟೇ ಮಾಗಿತ್ತು.

ಪ್ರತಿಯೊಬ್ಬರಿಗೂ ಹೇಳುವ ಹಾಗೆ ಅವಳಿಗೂ ಹೇಳಿದೆ, ಬಾಯಿಗೆ ರೂಢಿಯಾದ ಮಾತು: "ಒರೆಸ್ಬೇಡ, ಕೆರೀಬೇಡ. ಎಂಟು ದಿನ ಬಿಟ್ಟು ಮನೆ ಬಾಗಿಲಿಗೆ ಬಂದು ನೋಡ್ತೇನೆ, ಎದ್ದಿದ್ಯಾ ಅಂತ."

ಆಗ ತಲೆ ಎತ್ತಿದಳು.

"ಯಾವ ಮನೆ ಬಾಗಿಲಿಗೆ ಬತ್ತೀಯಣ್ಣ?" ಎಂದಳು.